ನಾಯಿ ಕಣ್ಣಿನ ಕೆಳಗೆ ಊತವೇ? ಮೊದಲು ಹಲ್ಲು ನೋಡಿ

ತೋಟ ಕಾಯೋ ನಾಯಿಗೆ ಕಣ್ಣಿನ ಕೆಳಗೆ ಊದಿಕೊಂಡು ಕೀವು ಸೋರುತ್ತೆ. ಮುಳ್ಳು ಚುಚ್ಚಿರಬೇಕು ಅಂತ ಅರಿಶಿನ ಹಚ್ತೀವಿ. ಒಣಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಜಾಗದಲ್ಲಿ ಊತ.

ಇಂಥ ಕಡೆ ಹೆಚ್ಚಾಗಿ ತಪ್ಪಿತಸ್ಥ ಮೇಲ್ದವಡೆಯ ದೊಡ್ಡ ಹಲ್ಲು. ಗಟ್ಟಿ ಮೂಳೆ ಕಡಿಯುವಾಗ ಅದು ಸೀಳುತ್ತೆ. ಅದಕ್ಕೆ 3 ಬೇರು. ಬೇರಿನ ತುದಿಯಲ್ಲಿ ಕಟ್ಟಿದ ಕೀವು ಕಣ್ಣಿನ ಕೆಳಗೆ ದಾರಿ ಮಾಡಿಕೊಳ್ಳುತ್ತೆ. 'ಊಟ ಮಾಡ್ತಿದೆಯಲ್ಲ, ನೋವಿಲ್ಲ' ಅನ್ನಬೇಡಿ. ನಾಯಿ ನೋವು ನುಂಗಿಕೊಂಡೇ ತಿನ್ನುತ್ತೆ.

ನಾಯಿ ಸುಮ್ಮನಿದ್ದರೆ ಮಾತ್ರ ತುಟಿ ಎತ್ತಿ, ಮೊಬೈಲಲ್ಲಿ ಫೋಟೋ ತೆಗೆದು ಪಶುವೈದ್ಯರಿಗೆ ತೋರಿಸಿ. ಇಂಜೆಕ್ಷನ್‌ಗೆ ಊತ ಇಳಿದರೂ ಹಲ್ಲು ಹಾಗೇ ಇರುತ್ತೆ. ಎಕ್ಸ್‌ರೇ ನೋಡಿ, ಅರಿವಳಿಕೆ ಕೊಟ್ಟು ಸಾಮಾನ್ಯವಾಗಿ ಕೀಳಬೇಕಾಗುತ್ತೆ. ಹತ್ತಿರದಲ್ಲಿ ಸೌಲಭ್ಯ ಇಲ್ಲದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ.

ಅದೇ ಅರಿವಳಿಕೆಯಲ್ಲೇ ಉಳಿದ ಹಲ್ಲುಗಳ ಕಿಟ್ಟವನ್ನೂ ತೆಗೆಸಿಬಿಡಿ. ಅರಿವಳಿಕೆ ಇಲ್ಲದೆ ಮೇಲ್ಮೇಲೆ ಕೆರೆದರೆ ಬೆಳ್ಳಗೆ ಕಾಣುತ್ತೆ ಅಷ್ಟೇ, ರೋಗ ಇರೋದು ವಸಡಿನ ಒಳಗೆ.

ಇನ್ನು ಮೂಳೆ ವಿಷಯ. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇದ್ದರೆ, ನಾಯಿಗೆ ಹಾಕಲೇಬೇಡಿ.