ಪಾಕೀಟಿನ ಮೇಲಿನ ಹಸಿರು ಚುಕ್ಕಿ

ಶ್ರಾವಣದ ಸೋಮವಾರ. ಗದಗ ತಾಲ್ಲೂಕಿನ ಹರ್ತಿಯ ಕಿರಾಣಿ ಅಂಗಡಿಯ ಮುಂದೆ ಐದು, ಹತ್ತು ರೂಪಾಯಿಯ ಪಾಕೀಟುಗಳು ತೋರಣ ಕಟ್ಟಿದ ಹಾಗೆ ತೂಗುತ್ತಿದ್ದವು. ಮೊಮ್ಮಗನ ಕೈ ಹಿಡಿದು ಬಂದ ಹಿರಿಯ ಹೆಣ್ಣುಮಗಳೊಬ್ಬರು ಕ್ರೀಮ್ ಬಿಸ್ಕೀಟಿನ ಪಾಕೀಟನ್ನು ಹಿಂದೆ ಮುಂದೆ ತಿರುವಿ ನೋಡಿದರು.

‘ತಮ್ಮಾ, ಇದರಾಗ ತತ್ತಿ ಹಾಕಿರ್ತಾರೇನೋ?’

‘ಹಸರು ಚುಕ್ಕಿ ಐತಿ ನೋಡಬೇ. ಏನೂ ಇಲ್ಲ, ಒಯ್ಯಿ.’

ಅವರು ಚುಕ್ಕಿಯನ್ನು ಹುಡುಕಿ, ಅದರ ಮೇಲೆ ಬೆರಳಾಡಿಸಿ, ಪಾಕೀಟನ್ನು ಹುಡುಗನ ಕೈಗೆ ಕೊಟ್ಟರು. ಆ ಪಾಕೀಟಿನ ಮೇಲೆ ಹೆಸರಿತ್ತು, ತೂಕವಿತ್ತು, ಹಿಂಬದಿಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಒಂದೂ ಕನ್ನಡದ್ದಲ್ಲ. ಆ ತಾಯಿಗೆ ಅದರಲ್ಲಿ ಓದಲು ಬಂದದ್ದು ಆ ಚುಕ್ಕಿ ಒಂದೇ.

ಚುಕ್ಕಿಯ ವಯಸ್ಸು ಇನ್ನೂ ಕಾಲು ಶತಮಾನದ ಆಸುಪಾಸು. ಅದಕ್ಕೂ ಮೊದಲು ಈ ಸೀಮೆಯಲ್ಲಿ ಅದರ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಶೇಂಗಾ ಉಂಡಿ, ಚಕ್ಕುಲಿ, ಅವಲಕ್ಕಿ ಚೂಡಾ ಮನೆಯಲ್ಲೇ ಆಗುತ್ತಿದ್ದವು. ಮಿರ್ಚಿ ಭಜಿ ಕಣ್ಣೆದುರೇ ಬಾಣಲೆಗೆ ಬೀಳುತ್ತಿತ್ತು. ಎಣ್ಣೆ ಗಾಣದಿಂದ ಬರುತ್ತಿತ್ತು, ಗಾಣಿಗ ಗುರುತಿನವನು. ಮಾಡುವವನ ಮುಖ ಗೊತ್ತಿದ್ದಾಗ ‘ಇದರಲ್ಲಿ ಏನಿದೆ’ ಎಂದು ಕೇಳಬೇಕಾದ ಪ್ರಸಂಗ ಕಡಿಮೆ. ದೂರದ ಕಾರ್ಖಾನೆಯ ತಿನಿಸು ಊರಿನ ಅಂಗಡಿಗೆ ಬಂದ ಮೇಲೆ ಆ ಮುಖ ಮರೆಯಾಯಿತು, ಪ್ರಶ್ನೆ ಉಳಿಯಿತು.

ಇದೇ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿದವರು ಯಹೂದಿಗಳು. ಅವರಲ್ಲಿ ತಿನ್ನಲು ಯೋಗ್ಯವಾದದ್ದು ‘ಕೋಷರ್’. ಹಂದಿ ಸಲ್ಲದು, ರೆಕ್ಕೆ ಮತ್ತು ಹುರುಪೆ ಇಲ್ಲದ ಮೀನು ಸಲ್ಲದು, ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಕೂಡಬಾರದು. ಈ ಕಟ್ಟಳೆ ನಮಗೆ ಅಷ್ಟೇನೂ ದೂರದ್ದಲ್ಲ. ಪಕ್ಕದ ಕೊಂಕಣ ಕರಾವಳಿಯಲ್ಲಿ ಶತಮಾನಗಳ ಕಾಲ ಬಾಳಿದ ಬೆನೆ ಇಸ್ರೇಲ್ ಯಹೂದಿಗಳು ಎಣ್ಣೆ ತೆಗೆಯುವ ಕಸುಬಿನವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರಿನವರ ಬಾಯಲ್ಲಿ ಅವರು ‘ಶನಿವಾರ ತೇಲಿ’ಗಳಾದರು. ಡೇವಿಡ್ ರಹಾಬಿ ಎಂಬಾತ ಅವರ ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟನಂತೆ. ಅವರು ರೆಕ್ಕೆ ಹುರುಪೆ ಇದ್ದವನ್ನಷ್ಟೇ ಆರಿಸಿಕೊಂಡದ್ದರಿಂದ ಇವರು ಯಹೂದಿಗಳೇ ಎಂದು ಗುರುತು ಹಿಡಿದನೆಂಬುದು ಆ ಸಮುದಾಯ ಹೇಳಿಕೊಂಡು ಬಂದ ಕತೆ. ಉಳಿದ ಎಷ್ಟೋ ಆಚರಣೆ ಮರೆತರೂ ತಾಟಿನ ನೇಮ ಮರೆತಿರಲಿಲ್ಲ ಎಂಬುದು ನನಗೆ ಈ ಕತೆಯಲ್ಲಿ ಎದ್ದು ಕಾಣುವ ಮಾತು.

ಅಮೆರಿಕದಲ್ಲಿ ಡಬ್ಬಿ ಆಹಾರದ ಕಾಲ ಬಂದಾಗ ಈ ನೇಮಕ್ಕೆ ಒಂದು ಗುರುತು ಬೇಕಾಯಿತು. 1923ರಲ್ಲಿ ಹೈಂಜ್ ಕಂಪನಿಯ ಸಸ್ಯಾಹಾರಿ ಬೀನ್ಸ್ ಡಬ್ಬಿಯ ಮೇಲೆ ವೃತ್ತದೊಳಗಿನ ‘ಯು’ ಅಕ್ಷರ ಮೂಡಿತು. ಅದು ಆರ್ಥೊಡಾಕ್ಸ್ ಯೂನಿಯನ್ ಎಂಬ ಯಹೂದಿ ಸಂಸ್ಥೆಯ ಮುದ್ರೆ. ಸಂಸ್ಥೆಯ ಕಡೆಯವರು ಕಾರ್ಖಾನೆಗೇ ಹೋಗಿ ಸಾಮಗ್ರಿ ಎಲ್ಲಿಂದ ಬರುತ್ತದೆ, ಪಾತ್ರೆ ಯಂತ್ರಗಳಲ್ಲಿ ಮತ್ತೇನು ತಯಾರಾಗುತ್ತದೆ ಎಂದು ನೋಡಿದ ಮೇಲೆ ಸಿಗುವ ಮುದ್ರೆ. ಹಾಲಿನ ಅಂಶವಿದ್ದರೆ ಪಕ್ಕದಲ್ಲಿ ‘ಡಿ’ ಎಂಬ ಅಕ್ಷರವೂ ಇರುತ್ತದೆ.

1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲಗೊಂಡಿತು. ಆಮೇಲೆ ಅಲ್ಲಿಗೆ ಹೋದ ಡಾಕ್ಟರು, ಎಂಜಿನಿಯರುಗಳಲ್ಲಿ ಕನ್ನಡದ ಮನೆಗಳೂ ಇದ್ದವು. ಬೀದಿಗೊಂದು ಭಾರತೀಯ ಅಂಗಡಿ ಇಲ್ಲದ ಕಾಲ. ಸೂಪರ್ ಮಾರ್ಕೆಟ್ಟಿನ ಬಿಸ್ಕೀಟಿನಲ್ಲಿ ಪ್ರಾಣಿಯ ಕೊಬ್ಬು ಇರುತ್ತಿದ್ದದ್ದು ಬರೀ ಗುಮಾನಿಯಲ್ಲ: ಹೆಸರಾಂತ ಓರಿಯೋದ ಕ್ರೀಮಿನಲ್ಲಿ 1990ರ ದಶಕದವರೆಗೂ ಹಂದಿಯ ಕೊಬ್ಬಿತ್ತು. ಅದನ್ನು ತೆಗೆದು, ಯಂತ್ರಗಳನ್ನು ಶುದ್ಧಗೊಳಿಸಿ, 1997ರ ಕೊನೆಗೆ ಆ ಬಿಸ್ಕೀಟು ಕೋಷರ್ ಮುದ್ರೆ ಪಡೆಯಿತು. ಹೀಗಾಗಿ ಸಸ್ಯಾಹಾರಿ ಭಾರತೀಯರೂ ಯಹೂದಿಗಳ ಆ ಪುಟ್ಟ ‘ಯು’ ಹುಡುಕುವುದನ್ನು ಕಲಿತರು. ಮುದ್ರೆ ಇದ್ದರೆ ಹಂದಿ ಇಲ್ಲ. ‘ಡಿ’ ಇದ್ದರೆ ಯಾವ ಮಾಂಸವೂ ಇಲ್ಲ. ಆದರೆ ಕೋಷರ್ ಎಂದರೆ ಸಸ್ಯಾಹಾರವಲ್ಲ. ತತ್ತಿ, ಮೀನು ಅಲ್ಲಿ ಸಲ್ಲುತ್ತವೆ. ಕೋಷರ್ ಜೆಲಟಿನ್ ಮೀನಿನದೂ ಇರಬಹುದು, ದನದ್ದೂ ಇರಬಹುದು. ಮಕ್ಕಳ ಮನೆಗೆ ಅಮೆರಿಕಕ್ಕೆ ಹೊರಟು ನಿಂತ ನಮ್ಮ ಕಡೆಯ ತಂದೆತಾಯಿಗಳು ಇಷ್ಟನ್ನು ನೆನಪಿಡುವುದು ಒಳ್ಳೆಯದು.

ಭಾರತದಲ್ಲಿ ಈ ಅನುಮಾನಕ್ಕೆ ಹಳೆಯ ಗಾಯವೇ ಇದೆ. 1857ರ ತೋಟಾಗಳ ಕೊಬ್ಬಿನ ಮಾತು ಎಲ್ಲರೂ ಬಲ್ಲದ್ದು. 1983ರಲ್ಲಿ ವನಸ್ಪತಿಗೆ ವಿದೇಶದ ದನದ ಕೊಬ್ಬು ಬೆರೆಸಿದ ಪ್ರಕರಣ ದೇಶವನ್ನೇ ಕಲಕಿತು. ಹಬ್ಬದ ಕರಿದ ತಿಂಡಿ ತಿನ್ನುವಾಗಲೂ ಜನ ಅಳುಕಿದರು. ಇಷ್ಟಾದರೂ ಪಾಕೀಟಿನ ಮೇಲೆ ಗುರುತು ಬರಲು ಮತ್ತೆ 18 ವರ್ಷ ಹಿಡಿಯಿತು. ಮೊದಲು ಬಂದದ್ದು ಹಸಿರಲ್ಲ, ಕಂದು. ಆಹಾರ ಕಲಬೆರಕೆ ತಡೆ ನಿಯಮಗಳಿಗೆ 2001ರ ಏಪ್ರಿಲ್‌ನಲ್ಲಿ ತಿದ್ದುಪಡಿ ತಂದು ಮಾಂಸಾಹಾರಕ್ಕೆ ಕಂದು ಚುಕ್ಕಿ ಕಡ್ಡಾಯ ಮಾಡಿದರು. ಸಸ್ಯಾಹಾರದ ಹಸಿರು ಚುಕ್ಕಿಗೆ ಅದೇ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಟು, ಮರುವರ್ಷ ಜಾರಿಯಾಯಿತು. ಆ ನಡುವೆಯೇ, 2001ರ ಮೇ ತಿಂಗಳಲ್ಲಿ, ಅಮೆರಿಕದ ಮೆಕ್‌ಡೊನಾಲ್ಡ್ಸ್ ಆಲೂಗಡ್ಡೆ ಫ್ರೈಗೆ ದನದ ಮಾಂಸದ ಸ್ವಾದ ಸೇರುತ್ತದೆಂದು ಅಲ್ಲಿ ಮೊಕದ್ದಮೆ ಹೂಡಲಾಯಿತು. ಆಲೂಗಡ್ಡೆಯನ್ನೂ ನಂಬಬಾರದೇ ಎಂದು ಕೇಳುವಂತಾಯಿತು.

2006ರ ಆಹಾರ ಸುರಕ್ಷತೆ ಕಾಯ್ದೆ, ಅದರ ಅಡಿಯ 2011ರ ನಿಯಮಗಳು ಚುಕ್ಕಿಯನ್ನು ಮುಂದುವರಿಸಿದವು. ಎಷ್ಟೇ ಸಣ್ಣ ಪಾಕೀಟಾದರೂ ಚುಕ್ಕಿಯ ವ್ಯಾಸ 3 ಮಿಲಿಮೀಟರಿಗೆ ಕಡಿಮೆ ಇರಕೂಡದು, ಸುತ್ತಲಿನ ಚೌಕದ ಬದಿ ಅದರ ಎರಡು ಪಟ್ಟು. ಹಸಿರು, ಕಂದು ಬೇರ್ಪಡಿಸಿ ಕಾಣದ ಬಣ್ಣಗುರುಡಿನವರಿಗೆ ಎರಡೂ ಒಂದೇ ಚುಕ್ಕಿಯಾಗಿತ್ತು. 2020ರ ನಿಯಮಗಳು ಕಂದು ಚುಕ್ಕಿಯನ್ನು ತ್ರಿಕೋನ ಮಾಡಿ ಆ ಕೊರತೆ ನೀಗಿಸಿದವು. ಇದು ಬಹಳ ಒಳ್ಳೆಯ ಕೆಲಸ.

ಚುಕ್ಕಿಯ ಲೆಕ್ಕದಲ್ಲಿ ಹಾಲು ಹಸಿರು, ಜೇನು ಹಸಿರು, ತತ್ತಿ ಕಂದು. ಹರ್ತಿಯ ಆ ತಾಯಿಗೆ ಇದು ಸಾಕು. ಲಕ್ಷ್ಮೇಶ್ವರಕ್ಕೆ ಹೋದರೆ ಸಾಲದು. ಹಳೆಯ ಪುಲಿಗೆರೆಯಾದ ಆ ಊರಲ್ಲಿ ಬಸದಿಗಳಿವೆ, ದೂದಪೀರಾಂ ದರ್ಗಾ ಇದೆ. ಗಡ್ಡೆಗೆಣಸು ಬಿಟ್ಟ ಜೈನರಿಗೆ ಆಲೂಗಡ್ಡೆ ಚಿಪ್ಸಿನ ಹಸಿರು ಚುಕ್ಕಿಯಿಂದ ಉಪಯೋಗವಿಲ್ಲ. ಅವರು ಹಿಂಬದಿಯ ಅಕ್ಷರಗಳಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹುಡುಕಲೇಬೇಕು. ಜೆಲಟಿನ್ ಯಾವ ಪ್ರಾಣಿಯದೋ ಎಂದು ಅಳುಕುವ ಮುಸ್ಲಿಂ ಮನೆಯವರಿಗೆ ಮಾತ್ರ ಇದೇ ಹಸಿರು ಚುಕ್ಕಿ ನೆರವಿಗೆ ಬರುತ್ತದೆ, ಅಮೆರಿಕದಲ್ಲಿ ಯಹೂದಿಗಳ ಮುದ್ರೆ ನಮ್ಮವರ ನೆರವಿಗೆ ಬಂದ ಹಾಗೆ. ಒಬ್ಬರ ನೇಮಕ್ಕೆಂದು ಹುಟ್ಟಿದ ಗುರುತು ಮತ್ತೊಬ್ಬರ ಮನೆಯನ್ನೂ ಕಾಯುವುದು ನನಗೆ ಇಡೀ ಈ ಚರಿತ್ರೆಯ ಚೆಂದದ ಭಾಗ.

ಹಿಂಬದಿಯ ಅಕ್ಷರಗಳಲ್ಲಿ ಅಂಕಿಗಳೂ ಇವೆ. 120 ಎಂದರೆ ಒಂದು ಜಾತಿಯ ಹುಳುವಿನಿಂದ ತೆಗೆದ ಕೆಂಪು ಬಣ್ಣ. 471 ಸಸ್ಯದ ಎಣ್ಣೆಯಿಂದಲೂ ಆದೀತು, ಪ್ರಾಣಿಯ ಕೊಬ್ಬಿನಿಂದಲೂ ಆದೀತು. ಕುರುಕಲು ತಿಂಡಿ, ನೂಡಲ್ಸ್‌ಗಳ ರುಚಿ ಹೆಚ್ಚಿಸುವ 631 ಮಾಂಸ ಅಥವಾ ಮೀನಿನಿಂದಲೂ ಬರಬಹುದು, ಬೇರೆ ಮೂಲದಿಂದಲೂ ಬರಬಹುದು. 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಈ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಿತು: ಪ್ರಮಾಣ ಎಷ್ಟೇ ಅಲ್ಪವಿರಲಿ, ಪ್ರತಿ ಸಾಮಗ್ರಿಯ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ಪ್ರಕಟಿಸಬೇಕು. ತಿನ್ನುವವನಿಗೆ ತಿಳಿಯುವ ಹಕ್ಕಿದೆ ಎಂಬುದೇ ಅದರ ನೆಲೆ.

ಆದರೆ ಯಾವ ಭಾಷೆಯಲ್ಲಿ ತಿಳಿಯಬೇಕು? ನಿಯಮದ ಪ್ರಕಾರ ಪಾಕೀಟಿನ ವಿವರ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ದೇವನಾಗರಿಯ ಹಿಂದಿಯಲ್ಲಿ. ಬೇರೆ ಭಾಷೆಯನ್ನೂ ಜೊತೆಗೆ ಬಳಸಲು ಅಡ್ಡಿಯಿಲ್ಲ ಎಂದಿದೆಯೇ ಹೊರತು ಬಳಸಲೇಬೇಕು ಎಂದಿಲ್ಲ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿತು. ಸ್ವಾಗತ. ಹೆಸರಿನ ಜೊತೆಗೇ ಒಳಗೇನಿದೆ ಎಂಬುದೂ ಕನ್ನಡದಲ್ಲಿ ಬರಬೇಕು: ಯಾವ ಎಣ್ಣೆ, ಯಾವ ಕೊಬ್ಬು, ಆ ಅಂಕಿಯ ಹಿಂದಿನ ವಸ್ತು ಯಾವುದು, ಅದು ಯಾವುದರಿಂದ ಬಂತು. ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಪಾಕೀಟಿಗೂ ಇದೇ ನಿಯಮವಾಗಲಿ. ಚುಕ್ಕಿಗೆ ಜಾಗ ಮಾಡಿಕೊಟ್ಟ ಪಾಕೀಟಿನಲ್ಲಿ ನಾಲ್ಕು ಸಾಲು ಕನ್ನಡಕ್ಕೂ ಜಾಗ ಇದೆ. ಹರ್ತಿಯ ಆ ತಾಯಿ ಪ್ರತಿ ಶ್ರಾವಣದಲ್ಲೂ ಪುರಾಣ ಓದುವವರು. ಅವರಿಗೆ ಆ ನಾಲ್ಕು ಸಾಲು ಓದಲು ಬರುತ್ತದೆ.