ಐದು ಸೆಂಟ್ಸಿನ ಮನೆಗೆ ಮೂರು ಮೆಟ್ಟಿಲ ಹಿತ್ತಿಲು

ಪಾಲುಪಟ್ಟಿಯ ಕಡತಗಳನ್ನು ಓದುವುದು ನನ್ನ ವೃತ್ತಿಯ ನಿತ್ಯದ ಕೆಲಸ. ಅಜ್ಜನ ಹೆಸರಿನಲ್ಲಿ ಎಕರೆಗಟ್ಟಲೆ ಇದ್ದ ಭೂಮಿ ಮೊಮ್ಮಕ್ಕಳ ಕಾಲಕ್ಕೆ ಐದೋ ಹತ್ತೋ ಸೆಂಟ್ಸಿನ ಮನೆಯಡಿಯಾಗಿ ಉಳಿಯುತ್ತದೆ. ಒಂದು ಸೆಂಟ್ಸ್ ಎಂದರೆ ಎಕರೆಯ ನೂರನೆಯ ಒಂದು ಭಾಗ, ಸುಮಾರು 435 ಚದರಡಿ. ಐದು ಸೆಂಟ್ಸಿನಲ್ಲಿ ಮನೆ, ಬಾವಿ, ವಾಹನದ ಜಾಗ, ಆವರಣಗೋಡೆ ಎಲ್ಲವೂ ಆದ ಮೇಲೆ ಹಿತ್ತಿಲೆಂದು ಕರೆಯಲು ಒಂದು ಓಣಿಯಷ್ಟು ಜಾಗ ಮಾತ್ರ ಉಳಿಯುತ್ತದೆ. ಕಾಸರಗೋಡಿನಲ್ಲಿರುವ ನನ್ನ ಮನೆಯೂ ಅಂಥದ್ದೇ.

ಹಿತ್ತಿಲಿನೊಡನೆ ಇನ್ನೇನು ಹೋಯಿತೆಂಬುದು ನನಗೆ ತಿಳಿದದ್ದು ಆರನೆಯ ತರಗತಿಯಲ್ಲಿ ಓದುವ ಮಗಳಿಂದ. ಆಕೆ ಕನ್ನಡ ಮಾಧ್ಯಮದ ವಿದ್ಯಾರ್ಥಿನಿ. ‘ಹರಿವೆ’ ಎಂಬ ಪದವನ್ನು ಪಾಠದಲ್ಲಿ ಓದಿದ್ದಳು. ‘ಚೀರ’ವನ್ನು ಅಂಗಡಿಯಿಂದ ಕೊಂಡು ತಂದಿದ್ದಳು. ಎರಡೂ ಒಂದೇ ಸೊಪ್ಪೆಂಬುದು ಅವಳಿಗೆ ಗೊತ್ತಿರಲಿಲ್ಲ. “ಅಪ್ಪಾ, ಹರಿವೆ ಈಗಲೂ ಬೆಳೆಯುತ್ತದೆಯೇ?” ಎಂದು ಕೇಳಿದಳು. ಉತ್ತರವಾಗಿ ತೋರಿಸಲು ನನ್ನ ಬಳಿ ಒಂದು ಗಿಡವೂ ಇರಲಿಲ್ಲ.

ಮನೆಯಲ್ಲೇ ತರಕಾರಿ ಬೆಳೆಯಲು ನಮ್ಮ ಜಿಲ್ಲೆಯವರಿಗೆ ಇನ್ನೊಂದು ಕಾರಣವೂ ಉಂಟು. ಇಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದು ನಿಂತದ್ದು 2000ದಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷಕ್ಕೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿತು. ಬೆಳೆಗೆ ಹಾಕಿದ ವಿಷ ಎಲ್ಲೆಲ್ಲಿಗೆ ತಲುಪುತ್ತದೆಂಬುದನ್ನು ಈ ನೆಲಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನನ್ನ ಮೊದಲ ಪ್ರಯತ್ನ ನಗೆಪಾಟಲಾಯಿತು. ಕಚೇರಿಯಲ್ಲಿ ಕಡತ ಇಡುತ್ತಿದ್ದ ನಾಲ್ಕು ಅಂತಸ್ತಿನ ಹಳೆಯ ಕಬ್ಬಿಣದ ರ‍್ಯಾಕನ್ನು ಗೋಡೆಯ ಬದಿಗಿರಿಸಿ, ಪ್ರತಿ ಅಂತಸ್ತಿನಲ್ಲೂ ಕುಂಡಗಳನ್ನು ಸಾಲಾಗಿಟ್ಟೆ. ಮೇಲಿನ ಸಾಲು ಹಸುರಾಗಿ ಬೆಳೆಯಿತು. ಕೆಳಗಿನವು ಬೆಳಕನ್ನು ಅರಸುತ್ತಾ ನೂಲಿನಂತೆ ನೀಳವಾಗಿ, ಬಿಳಿಚಿಕೊಂಡು ಮಲಗಿಬಿಟ್ಟವು. ಕಡತಗಳಿಗೆ ಬಿಸಿಲು ಬೇಡ, ಗಿಡಗಳಿಗೆ ಬೇಕು ಎಂಬ ಸರಳ ಸಂಗತಿಯನ್ನು ನಾನು ಮರೆತಿದ್ದೆ.

ದಾರಿ ತೋರಿಸಿದ್ದು ಮಗಳ ತರಗತಿಯ ಚಿತ್ರ. “ಗಿಡ್ಡದವರು ಮುಂದೆ, ಉದ್ದದವರು ಹಿಂದೆ ಬೆಂಚಿನ ಮೇಲೆ ನಿಂತರೆ ಎಲ್ಲರ ಮುಖವೂ ಕಾಣುತ್ತದಲ್ಲ?” ಎಂದಳು. ಮೆಟ್ಟಿಲು ತೋಟದ ತತ್ತ್ವವೆಲ್ಲ ಈ ಮಾತಿನಲ್ಲೇ ಇದೆ. ಮೆಟ್ಟಿಲು ಭೂಮಿಯ ವಿಸ್ತೀರ್ಣವನ್ನು ಹೆಚ್ಚಿಸುವುದಿಲ್ಲ. ಒಂದು ಗಿಡದ ನೆರಳು ಇನ್ನೊಂದರ ಮೇಲೆ ಬೀಳದಂತೆ ತಡೆಯುತ್ತದೆ. ಕೈಗೆಟಕದ ಮೂಲೆಯನ್ನು ಕೈಗೆಟಕಿಸುತ್ತದೆ.

ಎಂಟು ಅಡಿ ಉದ್ದ, ಮೂರು ಅಡಿ ಅಗಲದ ಜಾಗದಲ್ಲಿ ಮುರಕಲ್ಲುಗಳನ್ನು ಜೋಡಿಸಿ, ಮೇಲೆ ಅಡಿಕೆ ದಬ್ಬೆಗಳನ್ನು ಹಾಸಿ ಮೂರು ಮೆಟ್ಟಿಲು ಮಾಡಿದೆವು. ಎತ್ತರದ ಮೆಟ್ಟಿಲು ಉತ್ತರಕ್ಕೆ, ತಗ್ಗಿನದು ದಕ್ಷಿಣಕ್ಕೆ. ನಾವು ಬೆಳೆಯುವ ತಿಂಗಳುಗಳಲ್ಲಿ ಹೆಚ್ಚಿನ ಕಾಲ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನಾದ್ದರಿಂದ ಮೂರು ಸಾಲಿಗೂ ಬಿಸಿಲು ದೊರೆಯುತ್ತದೆ. ದಿನಕ್ಕೆ ಐದಾರು ಗಂಟೆಯ ಬಿಸಿಲಾದರೂ ಬೀಳುವ ಜಾಗವನ್ನೇ ಆರಿಸಬೇಕು.

ಮುಂದಿನ ಸಾಲಿನಲ್ಲಿ ಹರಿವೆ; ಅದಕ್ಕೆ ಅರ್ಧ ಅಡಿ ಆಳದ ತಟ್ಟೆಯಂಥ ಪಾತ್ರೆ ಸಾಕು. ನಡುವೆ ಮೆಣಸು, ಬದನೆ. ಇವಕ್ಕೆ ಒಂದು ಅಡಿ ಆಳ ಬೇಕು. ಹಿಂದೆ ಬೆಂಡೆ, ಚಪ್ಪರಕ್ಕೆ ಹಬ್ಬಿಸಿದ ಅಲಸಂಡೆ, ಬಸಳೆ. ಇವಕ್ಕೆ ಅದಕ್ಕಿಂತಲೂ ದೊಡ್ಡ ಪಾತ್ರೆ. ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತೆಂಗಿನ ನಾರಿನ ಹುಡಿ, ಒಂದು ಪಾಲು ಗೊಬ್ಬರ. ಬರಿಯ ಮಣ್ಣು ತುಂಬಿದರೆ ಪಾತ್ರೆ ಭಾರವಾಗುತ್ತದೆ, ಬೇರಿಗೆ ಗಾಳಿಯೂ ಸಿಗದು. ತಾರಸಿಯ ಮೇಲೆ ಮಾಡುವವರು ಭಾರದ ವಿಚಾರವನ್ನು ಮನೆ ಕಟ್ಟಿದವರೊಡನೆ ಮೊದಲೇ ಕೇಳಿಕೊಳ್ಳುವುದು ಲೇಸು. ಗೊಬ್ಬರಕ್ಕೆ ತೆಂಗಿನ ಗರಿಯೇ ಸಾಕು. ಅದರಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ನಮ್ಮೂರಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ.

ಹರಿವೆಯ ಬೀಜಕ್ಕೆ ಇರುವೆಗಳ ಕಾಟ. ಬೀಜದೊಡನೆ ಒಂದಿಷ್ಟು ರವೆ ಬೆರೆಸಿ ಬಿತ್ತಿದರೆ ಅವು ರವೆಯನ್ನು ಹೊತ್ತೊಯ್ಯುತ್ತವೆ, ಬೀಜ ಉಳಿಯುತ್ತದೆ. ತಿಂಗಳೊಳಗೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಬೆಂಡೆಗೆ ಸುಮಾರು ಒಂದೂವರೆ ತಿಂಗಳು. ಬಸಳೆಗೆ ಬೀಜವೇ ಬೇಡ, ಬಲಿತ ದಂಟಿನ ತುಂಡೊಂದನ್ನು ನೆಟ್ಟರಾಯಿತು.

ನೀರಿನ ವಿಷಯದಲ್ಲಿ ಎರಡನೆಯ ಪಾಠ ಕಲಿತೆ. ಕುಂಡಗಳಿಂದ ಸೋರಿದ ಕೆಂಪು ನೀರು ನೆರೆಮನೆಯ ಸುಣ್ಣದ ಗೋಡೆಗೆ ಹರಿದು ಕಲೆಯಾಯಿತು. ತನ್ನ ಸ್ವತ್ತನ್ನು ಇನ್ನೊಬ್ಬರಿಗೆ ಹಾನಿಯಾಗದಂತೆ ಬಳಸಬೇಕೆಂಬುದು ಕಾನೂನು ಕಾಲೇಜಿನಲ್ಲಿ ಮೊದಲಿಗೇ ಕಲಿತ ಪಾಠ. ಅದನ್ನು ಮಲಯಾಳ ಮಾತನಾಡುವ ನೆರೆಮನೆಯ ಅಜ್ಜಿ ನನಗೆ ಮತ್ತೊಮ್ಮೆ ಓದಿಸಿದರು. ಗೋಡೆಗೆ ಸುಣ್ಣ ಹೊಡೆಸಿಕೊಟ್ಟೆ. ಈಗ ಮೇಲಿನ ಸಾಲಿನ ನೀರು ಕೆಳಗಿನ ಸಾಲಿಗಿಳಿದು, ಕೊನೆಗೆ ಒಂದು ತಟ್ಟೆಯಲ್ಲಿ ಸಂಗ್ರಹವಾಗುತ್ತದೆ. ಅದನ್ನೇ ಮರುದಿನ ಮೇಲಕ್ಕೆ ಹೊಯ್ಯುತ್ತೇವೆ; ಕೊಚ್ಚಿಬಂದ ಗೊಬ್ಬರದ ಸಾರವೂ ಉಳಿಯುತ್ತದೆ. ಗೋಡೆ ಒಣಗಿದ ಮೇಲೆ ಅದೇ ಅಜ್ಜಿ ಒಂದು ಹಿಡಿ ‘ಪಯರ್’ ಬೀಜ ಕೊಟ್ಟರು. ಅದು ನಮ್ಮ ಅಲಸಂಡೆ, ತುಳುವಿನಲ್ಲಿ ಲತ್ತಂಡೆ. ಮಗಳು ಮೂರೂ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಕುಂಡಕ್ಕೆ ಅಂಟಿಸಿದ್ದಾಳೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಆ ವಿಧಿಯನ್ನು ಹಿಡಿದು ಶಾಲೆಗಾಗಿ ನ್ಯಾಯಾಲಯದಲ್ಲಿ ವಾದಿಸಬಹುದು. ಆದರೆ ಹರಿವೆ ಎಂಬ ಪದ ಮಗುವಿನ ಬಾಯಿಯಲ್ಲಿ ಉಳಿಯಬೇಕಾದರೆ ಹರಿವೆ ಮನೆಯಲ್ಲಿ ಬೆಳೆಯಬೇಕು. ಅದಕ್ಕೆ ಯಾವ ನ್ಯಾಯಾಲಯವೂ ಆದೇಶ ನೀಡಲಾರದು.

ಈ ಮೂರು ಮೆಟ್ಟಿಲು ನಮ್ಮ ಅಡುಗೆಮನೆಯನ್ನು ಪೂರ್ಣ ಸಾಕುವುದಿಲ್ಲ. ವಾರಕ್ಕೆರಡು ಬಾರಿ ಸೊಪ್ಪು, ಆಗೊಮ್ಮೆ ಈಗೊಮ್ಮೆ ಬೆಂಡೆ, ಬೇಕಾದಾಗ ನಾಲ್ಕು ಹಸಿಮೆಣಸು. ಮಳೆಗಾಲದ ಹೊಡೆತಕ್ಕೆ ಹರಿವೆ ನಿಲ್ಲದು; ನವರಾತ್ರಿ ಕಳೆದು ಮಳೆ ಹಿಮ್ಮೆಟ್ಟಿದಾಗ ಬಿತ್ತನೆ ಆರಂಭಿಸಿದರೆ ಬೇಸಗೆಯವರೆಗೂ ನಡೆಯುತ್ತದೆ. ಒಂದೆರಡು ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡಿ. ನಮ್ಮ ಮನೆಯಲ್ಲಿ ಈ ವರ್ಷ ಒಂದು ಸಣ್ಣ ಕರಡಿಗೆಯ ತುಂಬ ಹರಿವೆ ಬೀಜ ಉಳಿದಿದೆ. ಅದರಲ್ಲಿ ಅರ್ಧವನ್ನು ಮಗಳು ತರಗತಿಯ ಗೆಳತಿಯರಿಗೆ ಹಂಚಲು ಕಾಗದದ ಪೊಟ್ಟಣಗಳಲ್ಲಿ ಕಟ್ಟಿಟ್ಟಿದ್ದಾಳೆ.