ದಿನವೂ ತೊಡುವ ನಿಶ್ಚಿತಾರ್ಥದ ವಜ್ರದುಂಗುರ: ಮಾಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಅಜ್ಜಿಯರ ಕಾಲದ ವಜ್ರದ ಬೆಂಡೋಲೆ, ಮೂಗುಬೊಟ್ಟುಗಳು ಇಂದಿಗೂ ಅನೇಕ ಮನೆಗಳಲ್ಲಿವೆ. ಹಗಲಿರುಳು ತೊಟ್ಟರೂ ಅವುಗಳ ಹರಳು ಅಲುಗಲಿಲ್ಲ. ಇದನ್ನು ಕಂಡವರು ವಜ್ರದ ಒಡವೆ ಎಂದರೆ ತಲೆಮಾರುಗಳ ಬಾಳಿಕೆ ಎಂದುಕೊಳ್ಳುವುದು ಸಹಜ. ಆದರೆ ಕಿವಿ, ಮೂಗು ಯಾವುದಕ್ಕೂ ಬಡಿಯುವುದಿಲ್ಲ. ಬೆರಳು ದಿನಕ್ಕೆ ನೂರು ಸಲ ಬಡಿಯುತ್ತದೆ. ಬಾಗಿಲ ಚಿಲಕ, ಬಸ್ಸಿನ ಕಂಬಿ, ಸ್ಕೂಟರಿನ ಹಿಡಿ, ಕುಕ್ಕರಿನ ಮುಚ್ಚಳ, ಗ್ರಾನೈಟಿನ ಅಡುಗೆ ಕಟ್ಟೆ ಎಲ್ಲಕ್ಕೂ ಮೊದಲು ತಾಗುವುದು ಉಂಗುರವೇ. ನಿಶ್ಚಿತಾರ್ಥಕ್ಕೆ ಒಂಟಿ ವಜ್ರದ ಉಂಗುರ ಹಾಕುವ ರೂಢಿ ಬೆಳೆದ ಮೇಲೆ ಎರಡು ಬಗೆಯ ಪೇಚು ಕಾಣಿಸಿಕೊಂಡಿದೆ. ಕೆಲವರು ಎರಡು ಮೂರು ವರ್ಷದಲ್ಲಿ ಹರಳನ್ನೇ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಆ ಭಯಕ್ಕೆ ಉಂಗುರವನ್ನು ಮದುವೆಯ ಮರುದಿನವೇ ಲಾಕರಿಗೆ ಹಾಕುತ್ತಾರೆ. ದಿನವೂ ತೊಡಲೆಂದು ಲಕ್ಷಗಟ್ಟಲೆ ಕೊಟ್ಟು ಮಾಡಿಸಿದ್ದು ಹೀಗಾಗದಿರಬೇಕಾದರೆ ಅಂಗಡಿಯಲ್ಲಿ ಹರಳನ್ನು ನೋಡುವಷ್ಟೇ ಹೊತ್ತು ಅದನ್ನು ಹಿಡಿದಿರುವ ಚಿನ್ನವನ್ನೂ ನೋಡಬೇಕು.

ವಜ್ರ ಗಟ್ಟಿ ಎನ್ನುವುದರ ಅರ್ಥವನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಕಲ್ಲುಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಮಾಣಿಕ್ಯ ಮತ್ತು ನೀಲಕ್ಕೆ 9, ಬೀದಿ ಧೂಳಿನಲ್ಲಿರುವ ಮರಳಿನ ಕಣಕ್ಕೆ 7. ಹಾಗಾಗಿ ಧೂಳಿನಿಂದ ವಜ್ರಕ್ಕೆ ಗೀರು ಬೀಳದು. ಇನ್ನೊಂದು ವಜ್ರದಿಂದ ಮಾತ್ರ ಬಿದ್ದೀತು. ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ಸೌದೆ ನಾರಿನ ಗುಂಟ ಸುಲಭವಾಗಿ ಸೀಳುವಂತೆ ವಜ್ರದ ಹರಳಿನೊಳಗೂ ಸೀಳಿಕೊಳ್ಳುವ ನಾಲ್ಕು ದಿಕ್ಕುಗಳಿವೆ. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ 3,106 ಕ್ಯಾರೆಟ್‌ನ ಕಲಿನನ್ ವಜ್ರವನ್ನು 1908ರಲ್ಲಿ ಆಂಸ್ಟರ್‌ಡ್ಯಾಮಿನ ಆಷರ್ ಮನೆತನದವರು ಅಂಥ ದಿಕ್ಕು ಹುಡುಕಿ, ಉಕ್ಕಿನ ಅಲಗು ಇಟ್ಟು, ಹೊಡೆದು ಸೀಳಿದರು. ಅಷ್ಟು ದೊಡ್ಡ ಕಲ್ಲೇ ಸೀಳಿದ ಮೇಲೆ ಬೆರಳ ಮೇಲಿನ 30 ಸೆಂಟಿನ ಹರಳು ಕಲ್ಲುಕಟ್ಟೆಗೆ ತಪ್ಪು ಕೋನದಲ್ಲಿ ಬಡಿದರೆ ಅಂಚು ಹಾರುವುದರಲ್ಲಿ ಆಶ್ಚರ್ಯವಿಲ್ಲ.

ಏಟು ಮೊದಲು ಬೀಳುವುದು ಮೂಲೆಗಳಿಗೆ. ಮೂಲೆಯೇ ಇಲ್ಲದ ದುಂಡು ಹರಳು ದಿನಬಳಕೆಗೆ ಎಲ್ಲಕ್ಕಿಂತ ಸುರಕ್ಷಿತ. ಚೌಕಾಕಾರದ ಪ್ರಿನ್ಸೆಸ್, ಎರಡು ತುದಿ ಚೂಪಾದ ಮಾರ್ಕೀಸ್, ಒಂದು ತುದಿ ಚೂಪಾದ ಪೇರ್ ಆಕಾರಗಳು ಮನಸ್ಸಿಗೆ ಹಿಡಿಸಿದರೆ ಬೇಡವೆನ್ನಬೇಕಾಗಿಲ್ಲ. ಆ ಚೂಪು ತುದಿಗಳನ್ನು ಚಿನ್ನದ ಮಡಿಕೆಯೊಳಗೆ ಮುಚ್ಚಿ ಕೂರಿಸುವಂತೆ ಹೇಳಬೇಕು. ಇನ್ನೊಂದು ಸೂಕ್ಷ್ಮ ಜಾಗವೆಂದರೆ ಹರಳಿನ ಮೇಲುಭಾಗ ಮತ್ತು ಕೆಳಭಾಗ ಸೇರುವ ನಡು ಅಂಚು. ಪ್ರಮಾಣಪತ್ರದಲ್ಲಿ ಇದನ್ನು ಗರ್ಡಲ್ ಎಂದು ಬರೆದಿರುತ್ತಾರೆ. ಕಟ್, ಕಲರ್, ಕ್ಲ್ಯಾರಿಟಿ, ಕ್ಯಾರೆಟ್ ಎಂಬ ನಾಲ್ಕನ್ನು ಎಲ್ಲರೂ ಓದುತ್ತಾರೆ. ಗರ್ಡಲ್ ಸಾಲನ್ನು ಓದುವವರು ಕಡಿಮೆ. ಅಲ್ಲಿ 'ವೆರಿ ಥಿನ್' ಅಥವಾ 'ಎಕ್ಸ್‌ಟ್ರೀಮ್ಲಿ ಥಿನ್' ಎಂದಿದ್ದರೆ ಆ ಹರಳು ಕಿವಿಗೆ ಆದೀತು, ಬೆರಳಿಗೆ ಬೇಡ. 'ಮೀಡಿಯಂ' ಅಥವಾ 'ಸ್ಲೈಟ್ಲಿ ಥಿಕ್' ಸರಿ. ಕ್ಲ್ಯಾರಿಟಿಯ ವಿಷಯದಲ್ಲೂ ದರ್ಜೆಗಿಂತ ದೋಷ ಇರುವ ಜಾಗ ಮುಖ್ಯ. ನಡುವಿನ ಸಣ್ಣ ಚುಕ್ಕೆಯಿಂದ ಬಾಳಿಕೆಗೆ ತೊಂದರೆಯಿಲ್ಲ. ಅಂಚಿನವರೆಗೆ ಬಂದಿರುವ ಬಿರುಕಿನಿಂದ ಇದೆ.

ಇನ್ನು ಚಿನ್ನದ ಮಾತು. ಹಿರಿಯರಿಗೂ ಅಂಗಡಿಯವರಿಗೂ ಹೆಚ್ಚಾಗಿ ವಾದ ಹುಟ್ಟುವುದು ಇಲ್ಲೇ. ಒಡವೆ ಎಂದರೆ 22 ಕ್ಯಾರೆಟ್, ಅಂದರೆ 916 ಚಿನ್ನ ಎಂಬುದು ಮನೆಮನೆಯ ನಂಬಿಕೆ. ವಜ್ರದುಂಗುರಕ್ಕೆ ಅಂಗಡಿಯವರು 18 ಕ್ಯಾರೆಟ್ ತೋರಿಸಿದರೆ ಮೋಸವೆಂಬ ಅನುಮಾನ ಬರುತ್ತದೆ. ಮೋಸವಲ್ಲ. 22 ಕ್ಯಾರೆಟ್‌ನಲ್ಲಿ ಶೇ. 91.6ರಷ್ಟು ಅಪ್ಪಟ ಚಿನ್ನವಿದ್ದು, ಅದು ಮೆದು. ಬಳೆ, ಸರಗಳಿಗೆ ಆ ಮೆದುತನದಿಂದ ತೊಂದರೆಯಿಲ್ಲ, ಏಕೆಂದರೆ ಅವು ಏನನ್ನೂ ಹಿಡಿದುಕೊಂಡಿಲ್ಲ. ವಜ್ರದುಂಗುರದಲ್ಲಿ ಉಗುರಿನಷ್ಟು ಸಣ್ಣ ಚಿನ್ನದ ಕೊಕ್ಕೆಗಳು ಹರಳನ್ನು ಹಿಡಿದಿರುತ್ತವೆ. ಅಂಗಡಿಯಲ್ಲಿ ಇವಕ್ಕೆ ಪ್ರಾಂಗ್ ಎನ್ನುತ್ತಾರೆ. ಮೆದು ಚಿನ್ನದ ಪ್ರಾಂಗ್ ಸೆರಗಿಗೋ ಸ್ವೆಟರಿಗೋ ಸಿಕ್ಕಿ ಒಂದಿಷ್ಟು ಮೇಲೆದ್ದರೂ ಸಾಕು, ಹರಳು ಸಡಿಲವಾಗುತ್ತದೆ. 18 ಕ್ಯಾರೆಟ್‌ನಲ್ಲಿ ಚಿನ್ನ ಶೇ. 75, ಉಳಿದದ್ದು ಹೆಚ್ಚಾಗಿ ತಾಮ್ರ ಮತ್ತು ಬೆಳ್ಳಿ. ಆ ಬೆರಕೆಯೇ ಪ್ರಾಂಗಿಗೆ ಬಿಗಿ ಕೊಡುವುದು. ನೋಡಬೇಕಾದದ್ದು ಬಿಲ್ಲು: 18 ಕ್ಯಾರೆಟ್ ಚಿನ್ನಕ್ಕೆ 18 ಕ್ಯಾರೆಟ್ ದರವನ್ನೇ ಹಾಕಿರಬೇಕು, ಹರಳು ಸೇರಿದ ಒಟ್ಟು ತೂಕ ಮತ್ತು ಬರೀ ಚಿನ್ನದ ನಿವ್ವಳ ತೂಕ ಬೇರೆ ಬೇರೆ ಬರೆದಿರಬೇಕು. ಒಂದು ಕ್ಯಾರೆಟ್ ವಜ್ರದ ತೂಕ 0.2 ಗ್ರಾಂ. ಅದನ್ನೂ ಚಿನ್ನವೆಂದು ತೂಗಿದರೆ ನಷ್ಟ ಕೊಳ್ಳುವವರಿಗೆ. (ವಜ್ರದ ಕ್ಯಾರೆಟ್ ತೂಕ, ಚಿನ್ನದ ಕ್ಯಾರೆಟ್ ಶುದ್ಧತೆ. ಎರಡಕ್ಕೂ ಒಂದೇ ಮಾತು ಬಳಸುವುದರಿಂದ ಗೊಂದಲಕ್ಕೆ ಕೊನೆಯೇ ಇಲ್ಲ.)

ಲೋಹದ ಪರೀಕ್ಷೆ ಒಂದು, ರತ್ನದ ಪರೀಕ್ಷೆ ಇನ್ನೊಂದು ಎಂಬ ತಿಳಿವಳಿಕೆ ಹಳೆಯದು. ಅಲಾವುದ್ದೀನ್ ಖಿಲ್ಜಿಯ ಕಾಲದ ದೆಹಲಿಯಲ್ಲಿದ್ದ ಜೈನ ಪರೀಕ್ಷಕ ಠಕ್ಕರ ಫೇರು 1315ರಲ್ಲಿ ರತ್ನಗಳ ಬಗ್ಗೆ 'ರಯಣಪರಿಕ್ಖಾ' ಬರೆದ. ನಾಣ್ಯ ಮತ್ತು ಅವುಗಳ ಲೋಹದ ಬಗ್ಗೆ 1318ರಲ್ಲಿ ಬೇರೆಯೇ ಒಂದು ಗ್ರಂಥ ಬರೆದ. ಇಂದಿನ ಕಾಗದಪತ್ರಗಳೂ ಹಾಗೆಯೇ ಎರಡು. ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್: ಬಿಐಎಸ್ ಗುರುತು, 18ಕೆ750 ಎಂಬಂಥ ಶುದ್ಧತೆಯ ಅಂಕಿ, ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಂಗಡಿಯಲ್ಲೇ ನೋಡಿಕೊಳ್ಳಬಹುದು. ಆದರೆ ಹಾಲ್‌ಮಾರ್ಕ್ ವಜ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹರಳಿಗೆ ಜಿಐಎ, ಐಜಿಐ ಮುಂತಾದ ಪ್ರಯೋಗಾಲಯಗಳ ಪ್ರಮಾಣಪತ್ರ ಬೇರೆ ಬೇಕು. ಅದರ ಸಂಖ್ಯೆಯನ್ನು ಕೆಲವು ಹರಳುಗಳ ಗರ್ಡಲ್ ಮೇಲೆ ಲೇಸರಿನಿಂದ ಕೊರೆದಿರುತ್ತಾರೆ. ಭೂತಗನ್ನಡಿಯಲ್ಲಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ವಜ್ರವೇ. ಗಡಸುತನ, ಸೀಳುವ ಗುಣ ಎರಡರದ್ದೂ ಒಂದೇ, ಆದ್ದರಿಂದ ಬಾಳಿಕೆಯಲ್ಲಿ ವ್ಯತ್ಯಾಸವಿಲ್ಲ. ಬೆಲೆ ತೀರ ಕಡಿಮೆ, ಮರಳಿ ಮಾರಿದರೆ ಬರುವುದೂ ಕಡಿಮೆ. ಅದನ್ನು ಅದೆಂದೇ ಹೇಳಿ ಮಾರಿರಬೇಕು, ಅಷ್ಟೆ. ಅಮೆರಿಕನ್ ಡೈಮಂಡ್ ಎಂದು ಕರೆಯುವ ಜಿರ್ಕೋನಿಯಾ ಹರಳು ಮಾತ್ರ ಬೇರೆ ಜಾತಿ. ದಿನವೂ ತೊಟ್ಟರೆ ಮೇಲ್ಮೈ ಸವೆದು ಮಂಕಾಗುತ್ತದೆ.

ಬಾಳಿಕೆಯ ದೊಡ್ಡ ಪಾಲು ಹರಳನ್ನು ಕೂರಿಸುವ ರೀತಿಯಲ್ಲಿದೆ. ನಾಲ್ಕು ಪ್ರಾಂಗ್‌ಗಳ ಉಂಗುರದಲ್ಲಿ ಹರಳು ಹೆಚ್ಚು ಕಾಣುತ್ತದೆ, ಆದರೆ ಒಂದು ಪ್ರಾಂಗ್ ಮುರಿದರೂ ಹರಳು ಜಾರಬಹುದು. ಆರು ಇದ್ದರೆ ಒಂದು ಹೋದರೂ ಉಳಿದ ಐದು ಹಿಡಿದುಕೊಳ್ಳುತ್ತವೆ. ನ್ಯೂಯಾರ್ಕಿನ ಟಿಫನಿ ಕಂಪನಿ 1886ರಲ್ಲಿ ತಂದ ಆರು ಪ್ರಾಂಗ್‌ಗಳ ವಿನ್ಯಾಸ ಇಂದಿಗೂ ನಡೆಯುತ್ತಿರುವುದಕ್ಕೆ ಅಂದದ ಜೊತೆಗೆ ಈ ಭದ್ರತೆಯೂ ಕಾರಣ. ಕೈಕೆಲಸ ಹೆಚ್ಚಿರುವವರಿಗೆ ಅದಕ್ಕಿಂತ ಒಳ್ಳೆಯದು ಬೆಜೆಲ್: ಹರಳಿನ ಸುತ್ತ ಚಿನ್ನದ ತೆಳು ಪಟ್ಟಿ ಏರಿಸಿ ಅಂಚಿನ ಮೇಲೆ ಮಡಚುವ ರೀತಿ. ಇದರಲ್ಲಿ ಗರ್ಡಲ್ ಪೂರ್ತಿ ಮುಚ್ಚಿರುತ್ತದೆ, ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಹರಳು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ ಎಂದು ಅಂಗಡಿಯವರು ಇದನ್ನು ಮುಂದಿಡುವುದು ಕಡಿಮೆ. ವೈದ್ಯೆ, ದಾದಿ, ಚಿಕ್ಕ ಮಕ್ಕಳಿರುವ ತಾಯಿ, ತೋಟದ ಕೆಲಸ ನೋಡುವವರು, ಕೈಯಲ್ಲಿ ತಟ್ಟಿ ಜೋಳದ ರೊಟ್ಟಿ ಮಾಡುವವರು ಇದನ್ನೇ ಕೇಳಿ ಮಾಡಿಸಿಕೊಳ್ಳುವುದು ಮೇಲು.

ಯಾವ ರೀತಿಯಾದರೂ ಹರಳು ತಗ್ಗಿನಲ್ಲಿ ಕೂತಿರಬೇಕು. ಎತ್ತರಕ್ಕೆ ಎದ್ದ ಹರಳು ಫೋಟೊದಲ್ಲಿ ಚೆನ್ನ. ಪ್ಯಾಂಟಿನ ಜೇಬಿಗೆ ಕೈ ಹಾಕುವಾಗ, ಕೈಗವಸು ತೊಡುವಾಗ, ಮಗುವನ್ನು ಎತ್ತುವಾಗ ಅದರ ತಾಪತ್ರಯ ಗೊತ್ತಾಗುತ್ತದೆ. ತಗ್ಗೆಂದು ಹಿಂಬದಿಯನ್ನು ಹಳೆಯ ಬೆಂಡೋಲೆಗಳಂತೆ ಪೂರ್ತಿ ಮುಚ್ಚಿಸಬಾರದು. ಉಂಗುರದೊಳಗೆ ಸೋಪು, ಹಿಟ್ಟು ಸೇರಿ ಹರಳು ಮಸುಕಾದರೆ ತೊಳೆಯಲು ದಾರಿಯಿರುವುದಿಲ್ಲ. ಹಿಂಬದಿ ತೆರೆದೇ ಇರಲಿ. ಉಂಗುರದ ಪಟ್ಟಿಯುದ್ದಕ್ಕೂ ಸಾಸಿವೆ ಗಾತ್ರದ ಹರಳು ಸಾಲಾಗಿ ಕೂರಿಸುವ ಪಾವೆ ವಿನ್ಯಾಸ ದಿನಬಳಕೆಗೆ ಅಷ್ಟು ಒಳ್ಳೆಯದಲ್ಲ. ಅಷ್ಟು ಸಣ್ಣ ಹರಳನ್ನು ಹಿಡಿದಿರುವ ಚಿನ್ನ ಸೂಜಿಮೊನೆಯಷ್ಟು. ಸುತ್ತಲೂ ಹರಳಿರುವ ಉಂಗುರವನ್ನು ಮುಂದೆ ಬೆರಳು ದಪ್ಪವಾದಾಗ ದೊಡ್ಡದು ಮಾಡುವುದೂ ಕಷ್ಟ.

ಅಂಗೈ ಕಡೆಯ ಪಟ್ಟಿ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಅಲ್ಲಿ ದಪ್ಪ ಒಂದೂವರೆ ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಭಾರದ ಚೀಲ ಹಿಡಿದಾಗಲೇ ಉಂಗುರ ಬಾಗುತ್ತದೆ. ಉಂಗುರ ಬಾಗಿದಾಗ ಮೇಲಿನ ಪ್ರಾಂಗ್‌ಗಳೂ ಸರಿಯುತ್ತವೆ. ಹರಳು ಬೀಳುವುದಕ್ಕೆ ಇದೂ ಒಂದು ಕಾರಣ, ಯಾರೂ ಗಮನಿಸುವುದಿಲ್ಲ. 2 ಮಿಲಿಮೀಟರ್ ಹತ್ತಿರ ಇಟ್ಟರೆ ನೆಮ್ಮದಿ. ಚಿನ್ನದ ದರ ಏರಿದಂತೆ ಒಳಗೆ ಪೊಳ್ಳಾದ ಹಗುರ ಉಂಗುರಗಳು ಹೆಚ್ಚಾಗಿವೆ. ಉಳಿತಾಯ ಮಾಡುವುದಾದರೆ ಹರಳಿನಲ್ಲಿ 5 ಸೆಂಟ್ ಇಳಿಸುವುದು ಲೇಸು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ ಎಂಬುದೂ ನೆನಪಿರಲಿ.

ಬಿಳಿ ಬಣ್ಣ ಬೇಕೆನ್ನುವವರಿಗೆ ಎರಡು ದಾರಿ. ಬಿಳಿ ಚಿನ್ನದ ಹೊಳಪು ಸಾಮಾನ್ಯವಾಗಿ ಮೇಲಿನ ರೋಡಿಯಂ ಲೇಪದ್ದು. ದಿನವೂ ತೊಟ್ಟರೆ ಒಂದೆರಡು ವರ್ಷದಲ್ಲಿ ಸವೆದು ಹಳದಿ ಛಾಯೆ ಕಾಣುತ್ತದೆ, ಮತ್ತೆ ಹಾಕಿಸಬೇಕು. ಅದರಲ್ಲಿ ನಿಕ್ಕಲ್ ಬೆರೆಸಿದ್ದರೆ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಪ್ಲಾಟಿನಂ ಬಣ್ಣ ಕಳೆಯುವುದಿಲ್ಲ, ಪ್ರಾಂಗ್ ಸವೆಯುವುದೂ ನಿಧಾನ. ಆದರೆ ಅದೇ ಉಂಗುರ 18 ಕ್ಯಾರೆಟ್ ಚಿನ್ನಕ್ಕಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ತೂಗುತ್ತದೆ, ಮತ್ತು ಅದನ್ನು ದುರಸ್ತಿ ಮಾಡಬಲ್ಲವರು ಊರಿಗೊಬ್ಬರೂ ಸಿಗುವುದಿಲ್ಲ.

ಅಳತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯಬೇಕು. ಬೇಸಿಗೆಯ ಸಂಜೆ ಬೆರಳು ಊದಿರುತ್ತದೆ, ಚಳಿಯ ಬೆಳಿಗ್ಗೆ ಇಳಿದಿರುತ್ತದೆ. ಗೆಣ್ಣು ದಾಟುವಾಗ ಸ್ವಲ್ಪ ಬಿಗಿಯಾಗಿ, ಬುಡದಲ್ಲಿ ಸುತ್ತಿಕೊಳ್ಳದೆ ಕೂತರೆ ಸರಿ. ಸೋಪಿನ ಕೈಯಲ್ಲಿ ಜಾರುವ ಉಂಗುರ ಹರಳಿನ ಜೊತೆಗೇ ಮೋರಿ ಸೇರುತ್ತದೆ.

ದಿನವೂ ತೊಡುವುದೆಂದರೆ ಎಲ್ಲ ಹೊತ್ತಿನಲ್ಲೂ ತೊಡುವುದೆಂದಲ್ಲ. ಅರಿಶಿನ ಶಾಸ್ತ್ರ, ಮೆಹಂದಿ, ಹಿಟ್ಟು ನಾದುವಾಗ, ಗಂಧ ತೇಯುವಾಗ, ಬಸದಿಯಲ್ಲಿ ಪಂಚಾಮೃತ ಅಭಿಷೇಕಕ್ಕೆ ನಿಂತಾಗ ತೆಗೆದಿಡುವುದು ಒಳ್ಳೆಯದು. ವಜ್ರಕ್ಕೆ ಜಿಡ್ಡು ಬಲು ಬೇಗ ಅಂಟುತ್ತದೆ; ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ನೀರು ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದದ್ದು ಈ ಗುಣದಿಂದಲೇ. ತುಪ್ಪ, ಹಾಲು, ಎಣ್ಣೆಯ ತೆಳು ಪೊರೆ ಕೂತರೆ ಎಂಥ ಹರಳೂ ಗಾಜಿನಂತೆ ಕಾಣುತ್ತದೆ. ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್ ಇದ್ದರೆ ಮನೆಯಲ್ಲೇ ತೊಳೆಯಬಹುದು. ಬ್ಲೀಚಿಂಗ್ ಪೌಡರ್ ಮತ್ತು ಈಜುಕೊಳದ ಕ್ಲೋರಿನ್ ವಜ್ರಕ್ಕೆ ಏನೂ ಮಾಡವು, ಪ್ರಾಂಗ್‌ಗಳ ಚಿನ್ನವನ್ನು ಒಳಗಿನಿಂದ ಬಿರಿಯುವಂತೆ ಮಾಡುತ್ತವೆ. ಪೆಟ್ಟಿಗೆಯಲ್ಲಿ ಬೇರೆ ಒಡವೆಗಳ ಜೊತೆ ಹಾಕಿದರೆ ವಜ್ರ ಅವಕ್ಕೆಲ್ಲ ಗೀರು ಹಾಕುತ್ತದೆ. ಬಟ್ಟೆಯ ಚೀಲದಲ್ಲಿ ಬೇರೆಯಾಗಿಡಬೇಕು.

ಆರು ತಿಂಗಳಿಗೊಮ್ಮೆ ಅಕ್ಕಸಾಲಿಗರಲ್ಲಿ ತೋರಿಸಿದರೆ ಸಡಿಲವಾದ ಪ್ರಾಂಗನ್ನು ಕೆಲವೇ ನಿಮಿಷದಲ್ಲಿ ಒತ್ತಿಕೊಡುತ್ತಾರೆ. ನಡುವೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಟಿಕ್ ಟಿಕ್ ಸದ್ದು ಬಂದರೆ, ಅಥವಾ ಹತ್ತಿಯ ಮೇಲೆ ಉಜ್ಜಿದಾಗ ಎಳೆ ಸಿಕ್ಕಿಕೊಂಡರೆ ಹರಳು ಅಥವಾ ಪ್ರಾಂಗ್ ಸಡಿಲವಾಗಿದೆ. ಆಗ ಉಂಗುರವನ್ನು ತಕ್ಷಣ ತೆಗೆದು, ಹರಳು ಉದುರಿದರೂ ಒಳಗೇ ಉಳಿಯುವಂತೆ ಬಾಯಿ ಕಟ್ಟಿದ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಡಿಗೆ ಒಯ್ಯಬೇಕು. ಪ್ರಮಾಣಪತ್ರವೂ ಜೊತೆಗಿರಲಿ, ದುರಸ್ತಿಗೆ ಕೊಡುವ ಚೀಟಿಯಲ್ಲಿ ಹರಳಿನ ತೂಕ ಮತ್ತು ಪ್ರಮಾಣಪತ್ರದ ಸಂಖ್ಯೆಯನ್ನು ಬರೆಸಿಕೊಂಡೇ ಬರಬೇಕು.